ಜಾಕ್ ಬೆನ್ನಿ ಕೇಳಿ ಅಪ್ಪ ನಕ್ಕರು, ನಾನು ನಗಲಿಲ್ಲ. ತಪ್ಪು ಯಾರದು?

ನೇಪರ್‌ವಿಲ್ ನಾಗ

ನಾವಿರುವುದು ಶಿಕಾಗೋ ಪಕ್ಕ. ಇಲ್ಲಿ 90.9 ಎಫ್‌ಎಂನಲ್ಲಿ ಡಬ್ಲ್ಯುಡಿಸಿಬಿ ಅಂತ ಒಂದು ಕಾಲೇಜಿನ ಸ್ಟೇಷನ್ ಇದೆ. ಶನಿವಾರ ಮಧ್ಯಾಹ್ನ 1ರಿಂದ 5ರವರೆಗೆ ಬರೀ ಹಳೇ ರೇಡಿಯೊ ಕಾರ್ಯಕ್ರಮ ಹಾಕುತ್ತಾರೆ. 1930ರ, 40ರ ದಶಕದ ನಾಟಕ, ಹಾಸ್ಯ, ಪತ್ತೇದಾರಿ ಎಲ್ಲ. ಐದು ವರ್ಷದಿಂದ ಇದೇ ಊರಲ್ಲಿದ್ದೇನೆ, ನನಗೆ ಗೊತ್ತೇ ಇರಲಿಲ್ಲ. ಕಂಡುಹಿಡಿದಿದ್ದು ಅಪ್ಪ. ತರಕಾರಿ ತರೋಕೆ ಹೋಗುವಾಗ ಕಾರಲ್ಲಿ ಸುಮ್ನೆ ಗುಂಡಿ ತಿರುಗಿಸುತ್ತಾ ಕೂತಿದ್ದರು.

ಅಪ್ಪ ಹುಣಸೂರು ಕಡೆ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. 6 ತಿಂಗಳಿಗೆ ಅಂತ ಬಂದಿದ್ದಾರೆ. ಇಂಗ್ಲಿಷ್ ಪೇಪರ್ ಚೆನ್ನಾಗಿ ಓದುತ್ತಾರೆ. ಆದರೆ ಇಲ್ಲಿನವರ ಮಾತು ಅರ್ಧ ಹಿಡಿಯುತ್ತೆ, ಅರ್ಧ ಬಿಟ್ಟುಹೋಗುತ್ತೆ. ಅವತ್ತು ಬರುತ್ತಿದ್ದಿದ್ದು ಜಾಕ್ ಬೆನ್ನಿ ಅನ್ನುವ ಅಮೆರಿಕನ್ ಹಾಸ್ಯನಟನ ಶೋ. ಅದರಲ್ಲಿ ಬೆನ್ನಿ ಮಹಾ ಜಿಪುಣ. ದುಡ್ಡು ಇಟ್ಟಿರುವುದು ನೆಲಮಾಳಿಗೆಯ ತಿಜೋರಿಯಲ್ಲಿ. ಮೆಟ್ಟಿಲಿಳಿಯುವ ಸದ್ದು, ಸರಪಳಿ, ಕಿರ್ರ್ ಅನ್ನೋ ಬಾಗಿಲು, ಆಮೇಲೆ ಇನ್ನೂ ಮೆಟ್ಟಿಲು. ಕೊನೆಗೆ ಒಬ್ಬ ಮುದುಕ ಕಾವಲುಗಾರ. ಅವನು ಹೊರಗಿನ ಬೆಳಕು ನೋಡಿ ಎಷ್ಟು ವರ್ಷವಾಯಿತೋ. ಅಪ್ಪ ಮೆಟ್ಟಿಲು ಇಳಿಯುವಾಗಲೇ ನಗೋಕೆ ಶುರು. ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದರೂ ಇಳಿಯಲಿಲ್ಲ.

ನನಗೂ ಆಸೆಯಾಯಿತು. ಸುಮಾರು 20 ಎಪಿಸೋಡ್ ಇಳಿಸಿಕೊಂಡೆ. ಆಫೀಸಿಗೆ ಹೋಗುವಾಗ ಫೋನಿನಲ್ಲಿ 1.25 ಸ್ಪೀಡ್ ಇಟ್ಟು ಕೇಳಿದೆ. ನಿಜ ಹೇಳಬೇಕಂದ್ರೆ ಒಂದು ಸಲವೂ ಜೋರಾಗಿ ನಗು ಬರಲಿಲ್ಲ. ಜನ ನಗುತ್ತಿದ್ದಾರೆ, ನಾನು ಯಾಕೆ ಅಂತ ನೋಡುತ್ತಿದ್ದೇನೆ. ಇದು ಬರೀ ಅಜ್ಜಂದಿರ ಹಳೇ ನೆನಪಿನ ಹುಚ್ಚಾ? ಅಥವಾ ನಾನು ಕೇಳುತ್ತಿರುವ ರೀತಿಯೇ ತಪ್ಪಾ?

ಹಳೇ ವಾಲ್ವ್

1.25!! ಸ್ವಾಮಿ, ಬೆನ್ನಿಯನ್ನು 1.25ರಲ್ಲಿ ಕೇಳುತ್ತಾರಾ?

ಒಂದು ಪ್ರಶ್ನೆ. ನಿಮ್ಮ ಆ್ಯಪ್‌ನಲ್ಲಿ ಮಾತಿಲ್ಲದ ಜಾಗವನ್ನು ಕತ್ತರಿಸುವ ಸೆಟ್ಟಿಂಗ್ ಇದೆಯಾ ನೋಡಿ. ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಇರುತ್ತೆ. ಅದು ಆನ್ ಇದ್ದರೆ ನೀವು ಜಾಕ್ ಬೆನ್ನಿಯನ್ನು ಕೇಳೇ ಇಲ್ಲ. ಬೆನ್ನಿಯನ್ನು ಬಿಟ್ಟು ಉಳಿದಿದ್ದನ್ನು ಕೇಳಿದ್ದೀರಿ.

1948ರ ಮಾರ್ಚ್ 28ರ ಎಪಿಸೋಡ್ ತಗೊಳ್ಳಿ. ರಾತ್ರಿ ಬೀದಿಯಲ್ಲಿ ಕಳ್ಳ ಅಡ್ಡಗಟ್ಟುತ್ತಾನೆ. ದುಡ್ಡೋ ಪ್ರಾಣವೋ ಅಂತ ಕೇಳುತ್ತಾನೆ. ಬೆನ್ನಿ ಏನೂ ಹೇಳುವುದಿಲ್ಲ. ಸುಮ್ಮನಿರುತ್ತಾನೆ. ಜನ ನಗೋಕೆ ಶುರು ಮಾಡುತ್ತಾರೆ, ನಗು ಏರುತ್ತೆ. ಕಳ್ಳ ಸಿಟ್ಟಾಗಿ ಮತ್ತೆ ಕೇಳುತ್ತಾನೆ. ಆಗ ಬೆನ್ನಿ, ಯೋಚನೆ ಮಾಡ್ತಾ ಇದೀನಿ ಕಣಯ್ಯಾ ಅನ್ನುತ್ತಾನೆ. ನಿಜವಾದ ಜೋಕ್ ಆ ಉತ್ತರದ ಮುಂಚೆಯೇ ಆಗಿಹೋಗಿರುತ್ತೆ. ರೇಡಿಯೊದಲ್ಲಿ ಮುಖ ಕಾಣಲ್ಲ. ಮಾತಿಲ್ಲದಿದ್ದರೆ ಏನೂ ಇಲ್ಲ ಅಂತ ಎಲ್ಲರೂ ಹೆದರುತ್ತಿದ್ದ ಕಾಲ ಅದು. ಈ ಮನುಷ್ಯ ಏನೂ ಮಾತಾಡದೆ ನಗಿಸಿದ. ಆ ಮೌನವನ್ನು ನಿಮ್ಮ ಫೋನು ತಿಂದುಹಾಕಿದರೆ ಉಳಿಯುವುದೇನು?

ಜಯನಗರದ ಜಯ

ಒಗ್ಗರಣೆ ತೆಗೆದಿಟ್ಟು ಸಾರು ಸಪ್ಪೆ ಅಂದ ಹಾಗಾಯಿತು 😄

ನೇಪರ್‌ವಿಲ್ ನಾಗ

ಅಯ್ಯೋ. ಆನ್ ಇತ್ತು. ಎರಡು ವರ್ಷದಿಂದ ಆನ್ ಇದೆ. ಯಾವತ್ತು ಹಾಕಿದ್ದೆ ಅನ್ನುವುದೂ ನೆನಪಿಲ್ಲ. ಇದುವರೆಗೆ 37 ಗಂಟೆ ಉಳಿಸಿದ್ದೀರಿ ಅಂತ ಹೆಮ್ಮೆಯಿಂದ ತೋರಿಸುತ್ತಿದೆ ಬೇರೆ.

ತಿದ್ದುಪಡಿ ತಿಮ್ಮ

ವಾಲ್ವ್ ಅವರೇ, ನೀವು ಬರೆಯಲಿಲ್ಲ, ಆದರೆ ಯಾರಾದರೂ ಬರೆದೇ ಬರೆಯುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಆ ಕಳ್ಳನ ಜೋಕಿಗೆ ರೇಡಿಯೊ ಇತಿಹಾಸದಲ್ಲೇ ಅತಿ ಉದ್ದದ ನಗು ಬಂತು ಅಂತ ಎಲ್ಲ ಕಡೆ ಇರುತ್ತೆ. ಧ್ವನಿಮುದ್ರಿಕೆ ಕೇಳಿ. ಅಷ್ಟೇನೂ ಉದ್ದವಿಲ್ಲ.

ಅದಕ್ಕಿಂತ ದೊಡ್ಡ ನಗು ಒಂದು ತಿಂಗಳಲ್ಲೇ ಬಂತು, 1948ರ ಏಪ್ರಿಲ್ 25ರಂದು. ಅವತ್ತು ಡೊರೊಥಿ ಕರ್ಸ್ಟನ್ ಅನ್ನುವ ಒಪೆರಾ ಗಾಯಕಿ ಅತಿಥಿ. ಅವರೂ ಅನೌನ್ಸರ್ ಡಾನ್ ವಿಲ್ಸನ್ನೂ ಸಂಗೀತದ ಬಗ್ಗೆ ದೊಡ್ಡ ದೊಡ್ಡ ಪದ ಹಾಕಿ ಮಾತಾಡುತ್ತಾರೆ. ಬೆನ್ನಿಗೆ ಒಂದಕ್ಷರ ಗೊತ್ತಿಲ್ಲ, ಆದರೂ ನಡುವೆ ಬಾಯಿ ಹಾಕುತ್ತಾನೆ. ನನ್ನ ಅಭಿಪ್ರಾಯದಲ್ಲಿ ಅಂತ ಶುರು ಮಾಡಿದ್ದೇ ತಡ, ಮೇರಿ ಲಿವಿಂಗ್‌ಸ್ಟನ್, ಬಾಯ್ಮುಚ್ಚು ಅನ್ನುತ್ತಾಳೆ. ಅಷ್ಟೇ. ಜನ ಬಿದ್ದು ಬಿದ್ದು ನಗುತ್ತಾರೆ. ಮೇರಿ ಬೆನ್ನಿಯ ನಿಜವಾದ ಹೆಂಡತಿ ಅನ್ನುವುದು ಎಲ್ಲರಿಗೂ ಗೊತ್ತಿತ್ತಲ್ಲ!

ಇನ್ನೊಂದು. ಮುಂದೆ ಬೆನ್ನಿಯ ಮನೆಯ ಆಳು ರಾಚೆಸ್ಟರ್ ಪಾತ್ರ ಮಾಡಿದ ಎಡ್ಡೀ ಆ್ಯಂಡರ್ಸನ್ ಆ ಶೋಗೆ ಮೊದಲ ಸಲ ಬಂದಿದ್ದು 1937ರ ಮಾರ್ಚ್ 28ಕ್ಕೇ. ಸರಿಯಾಗಿ 11 ವರ್ಷದ ಮೇಲೆ ಅದೇ ತಾರೀಕು ಕಳ್ಳ ಬಂದ. ಎರಡೂ ಈಸ್ಟರ್ ಭಾನುವಾರ. ಯಾವ ಉಪಯೋಗಕ್ಕೂ ಬಾರದ ಮಾಹಿತಿ, ಆದರೂ ಇರಲಿ.

ಹಳೇ ವಾಲ್ವ್

ನಗುವನ್ನು ಗಡಿಯಾರ ಹಿಡಿದು ಅಳೆಯುವ ನಿಮಗೆ ನಮಸ್ಕಾರ. ಒಪ್ಪಿದೆ.

ಆದರೆ ನನ್ನ ಮಾತು ಹಾಗೇ ನಿಂತಿದೆ. ಎರಡೂ ಜೋಕನ್ನು ಕಾಗದದ ಮೇಲೆ ಬರೆದು ನೋಡಿ. ಯೋಚನೆ ಮಾಡ್ತಿದೀನಿ. ಬಾಯ್ಮುಚ್ಚು. ಇದರಲ್ಲಿ ಜೋಕ್ ಎಲ್ಲಿದೆ? 1932ರಿಂದ ವಾರ ವಾರ ಇವನು ಜಿಪುಣ, ಒಣ ಜಂಭದವನು, ವಯಸ್ಸು ಕಮ್ಮಿ ಹೇಳುವವನು (ಕೊನೆಗೆ ಅದು 39ಕ್ಕೇ ನಿಂತುಬಿಟ್ಟಿತು) ಅಂತ ಜನರ ತಲೆಯಲ್ಲಿ ಕೂರಿಸಿಕೊಂಡು ಬಂದಿದ್ದಾರೆ. 16 ವರ್ಷದ ಉಳಿತಾಯ ಅದು. ಮಾರ್ಚ್ 28ಕ್ಕೆ ಒಂದೇ ಸಲ ಡ್ರಾ ಮಾಡಿದರು. ನಾಗ, ನೀವು 20 ಎಪಿಸೋಡನ್ನು ಎಲ್ಲೆಲ್ಲಿಂದಲೋ ಆರಿಸಿ ಕೇಳಿದ್ದೀರಿ. ಬ್ಯಾಂಕಲ್ಲಿ ಖಾತೆಯೇ ಇಲ್ಲದೆ ಡ್ರಾ ಮಾಡೋಕೆ ಹೋದ ಹಾಗೆ.

ನೇಪರ್‌ವಿಲ್ ನಾಗ

ಹಾಗಾದ್ರೆ ಅಪ್ಪ ಹೇಗೆ ನಕ್ಕರು? ಅವರೂ ಅವತ್ತೇ ಮೊದಲು ಕೇಳಿದ್ದು.

ಜಯನಗರದ ಜಯ

ನಿಮ್ಮ ಅಪ್ಪನಿಗೆ ಜಿಪುಣರ ಪರಿಚಯ ಮೊದಲೇ ಇರುತ್ತೆ. ಯಾವ ಊರಲ್ಲಿಲ್ಲ ಹೇಳಿ! ನಮ್ಮ ದೊಡ್ಡಪ್ಪ ಒಬ್ಬರು ಬೀದಿದೀಪದ ಬೆಳಕಲ್ಲೇ ಊಟ ಮಾಡುತ್ತಿದ್ದರು. ಮನೆಯಲ್ಲಿ ಕರೆಂಟ್ ಇತ್ತು.

ಶಬ್ದದ ಸುಬ್ಬಿ

ನಾನು ಹವ್ಯಾಸಿ ನಾಟಕ ತಂಡದಲ್ಲಿ ಸೌಂಡ್ ನೋಡಿಕೊಳ್ಳುತ್ತೇನೆ, ಅದಕ್ಕೆ ಈ ಶೋಗಳನ್ನು ಬೇರೆ ಕಿವಿಯಿಂದ ಕೇಳುತ್ತೇನೆ. ಬೆನ್ನಿಯ ತಿಜೋರಿ ಆಯಿತು. ಈಗ ಫಿಬರ್ ಮಗೀ ಮತ್ತು ಮಾಲಿ ಕೇಳಿ. 1935ರಲ್ಲಿ ಶುರುವಾದ ಶೋ. ಜಿಮ್ ಮತ್ತು ಮೇರಿಯನ್ ಜೋರ್ಡನ್ ಅನ್ನುವ ನಿಜವಾದ ಗಂಡ ಹೆಂಡತಿ, ಗಂಡ ಹೆಂಡತಿಯಾಗಿಯೇ ಮಾಡುತ್ತಿದ್ದರು. ಅವರ ಮನೆಯಲ್ಲಿ ಒಂದು ಕಪಾಟು. ಏನೋ ಹುಡುಕೋಕೆ ಗಂಡ ಬಾಗಿಲು ತೆಗೆಯುತ್ತಾನೆ. ಹೆಂಡತಿ ಬೇಡ ಬೇಡ ಅಂತ ಕೂಗುತ್ತಾಳೆ. ಆಮೇಲೆ ಧಡಧಡ, ಠಣಠಣ, ಪಾತ್ರೆ, ಡಬ್ಬಿ, ಹಳೇ ಸಾಮಾನು ಎಲ್ಲ ತಲೆಯ ಮೇಲೆ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಒಂದು ಸಣ್ಣ ಗಂಟೆ. ಟಿಂಗ್. ಆಮೇಲೆ ಗಂಡ, ಈ ಕಪಾಟನ್ನ ಒಂದಿನ ಸರಿ ಮಾಡಬೇಕು ಅನ್ನುತ್ತಾನೆ.

1940ರ ಮಾರ್ಚ್ 5ಕ್ಕೆ ಮೊದಲ ಸಲ ಮಾಡಿದ್ದು. ಆಮೇಲೆ ವರ್ಷಗಟ್ಟಲೆ ಮಾಡಿದರು. ರೆಕಾರ್ಡ್ ಮಾಡಿಟ್ಟ ಸದ್ದು ಅಂದುಕೊಳ್ಳಬೇಡಿ. ಮೆಟ್ಟಿಲಿನ ಹಾಗಿರುವ ಸ್ಟ್ಯಾಂಡ್ ಮೇಲೆ ನಿಜವಾದ ಸಾಮಾನು ಜೋಡಿಸಿಟ್ಟು, ನೇರ ಪ್ರಸಾರದಲ್ಲಿ ಸ್ಟುಡಿಯೊ ನೆಲಕ್ಕೆ ತಳ್ಳುತ್ತಿದ್ದರು. ಎಲ್ಲ ಬಿದ್ದ ಮೇಲೆ ಆ ಗಂಟೆ. ನನ್ನ ಪ್ರಕಾರ ಆ ಗಂಟೆಯೇ ಜೋಕ್. ಧಡಧಡ ಯಾರು ಬೇಕಾದರೂ ಮಾಡಬಹುದು.

ನಾನೂ ಒಂದು ನಾಟಕದಲ್ಲಿ ಹೀಗೇ ಪ್ರಯತ್ನ ಪಟ್ಟೆ. ಸ್ಟೀಲ್ ಪಾತ್ರೆ, ತಗಡಿನ ಡಬ್ಬ, ಎರಡು ತೆಂಗಿನಕಾಯಿ. ಒಂದು ಚೊಂಬು ಉರುಳಿಕೊಂಡು ಪರದೆಯ ಕೆಳಗಿಂದ ಸೀದಾ ರಂಗಕ್ಕೇ ಹೋಯಿತು. ದೃಶ್ಯ ಸಾವಿನದು. ಎಲ್ಲರಿಗಿಂತ ಜಾಸ್ತಿ ಚಪ್ಪಾಳೆ ಚೊಂಬಿಗೆ.

ಕುಡ್ಲದ ಮಾಣಿ

ನಮ್ಮ ಮನೆಯ ಅಟ್ಟದಲ್ಲಿ ಇದು ದಿನಾ ನೇರ ಪ್ರಸಾರ. ಗಂಟೆ ಒಂದು ಬಾಕಿ.

ಹಳೇ ವಾಲ್ವ್

ಸುಬ್ಬಿ, ನಿಮಗೆ ಬೆನ್ನಿಯ ಕಾರಿನ ಕತೆ ಇಷ್ಟವಾಗುತ್ತೆ. ಮ್ಯಾಕ್ಸ್‌ವೆಲ್ ಅಂತ ಓಬೀರಾಯನ ಕಾಲದ ಕಾರು. ಸ್ಟಾರ್ಟ್ ಆಗಲಿಕ್ಕೇ ಐದು ನಿಮಿಷ. ಅದರ ಸದ್ದಿಗೆ ರೆಕಾರ್ಡ್ ಇಟ್ಟುಕೊಂಡಿದ್ದರು. ಒಂದಿನ ಸಮಯಕ್ಕೆ ಸರಿಯಾಗಿ ಅದು ಕೈಕೊಟ್ಟಿತು. ಮೆಲ್ ಬ್ಲಾಂಕ್ ಮೈಕ್ ಹತ್ತಿರ ಓಡಿಹೋಗಿ ಬಾಯಲ್ಲೇ ಕೆಮ್ಮಿ, ಸೀನಿ, ಉಸಿರುಗಟ್ಟಿ ಕಾರಾಗಿಬಿಟ್ಟರಂತೆ. ಆಮೇಲೆ ಅದೇ ಖಾಯಂ. ಕಾರ್ಟೂನಿನ ಬಗ್ಸ್ ಬನ್ನಿಯ ದನಿ ಇವರದೇ. ರೈಲ್ವೆ ಸ್ಟೇಷನ್ನಿನಲ್ಲಿ ಅನಹೈಮ್, ಅಜೂಸಾ ಅಂತ ಊರ ಹೆಸರು ಕೂಗಿ, ಕೂಕ್... ಅಂತ ಹೇಳಿ ನಿಲ್ಲಿಸಿ, ಎಷ್ಟೋ ಹೊತ್ತಿನ ಮೇಲೆ ...ಮಂಗಾ ಅನ್ನುವವರೂ ಇವರೇ. ಕೂಕಮಂಗಾ ಕ್ಯಾಲಿಫೋರ್ನಿಯಾದಲ್ಲಿ ನಿಜವಾಗಿ ಇರುವ ಊರು.

ಅಲ್ಲೂ ನಿಲ್ಲಿಸುವ ಜಾಗವೇ ಜೋಕ್. ನಾಗನ ಫೋನಿನಲ್ಲಿ ಅದು ಬರೀ ಸ್ಟೇಷನ್ ಅನೌನ್ಸ್‌ಮೆಂಟ್!

ಕಾವೇರಿ ತೀರ

ಎಲ್ಲ ಸರಿ. ಆದರೆ ರೇಡಿಯೊದ ಸುವರ್ಣಯುಗದ ಬಗ್ಗೆ ಮಾತಾಡುವಾಗ ಒಂದು ಹೆಸರನ್ನು ಎಲ್ಲರೂ ಜಾಣತನದಿಂದ ಬಿಡುತ್ತಿದ್ದೀರಿ. ಏಮೋಸ್ ಎನ್ ಆ್ಯಂಡಿ.

ಆ ಕಾಲದ ಎಲ್ಲಕ್ಕಿಂತ ಜನಪ್ರಿಯ ರೇಡಿಯೊ ಹಾಸ್ಯ ಅದು. 1928ರಲ್ಲಿ ಶಿಕಾಗೋದಲ್ಲಿ, ಅಂದರೆ ನಾಗನ ಊರಲ್ಲೇ, ಶುರುವಾಯಿತು. 1929ರಲ್ಲಿ ಎನ್‌ಬಿಸಿ ರೇಡಿಯೊ ನೆಟ್‌ವರ್ಕ್ ಮೂಲಕ ದೇಶಕ್ಕೆಲ್ಲ ಹೋಯಿತು. ದಿನಾ ರಾತ್ರಿ 15 ನಿಮಿಷ. ಸಿನಿಮಾ ಥಿಯೇಟರುಗಳಲ್ಲಿ ಚಿತ್ರ ನಿಲ್ಲಿಸಿ ಇದನ್ನು ಕೇಳಿಸುತ್ತಿದ್ದರು. ಇಲ್ಲದಿದ್ದರೆ ಜನ ಬರುತ್ತಿರಲಿಲ್ಲ. ಪಾತ್ರಗಳು ಕರಿಯರು. ಆಡುತ್ತಿದ್ದವರು ಫ್ರೀಮನ್ ಗಾಸ್ಡನ್ ಮತ್ತು ಚಾರ್ಲ್ಸ್ ಕೊರೆಲ್, ಇಬ್ಬರೂ ಬಿಳಿಯರು. ಕರಿಯರ ಮಾತನ್ನು ತಿರುಚಿ, ಅವರು ಪೆದ್ದರು, ಸೋಮಾರಿಗಳು ಅಂತ ತೋರಿಸಿ ನಗಿಸುತ್ತಿದ್ದರು. 1931ರಲ್ಲೇ ಪಿಟ್ಸ್‌ಬರ್ಗ್ ಕೊರಿಯರ್ ಅನ್ನುವ ಕರಿಯರ ಪತ್ರಿಕೆ ಇದರ ವಿರುದ್ಧ 10 ಲಕ್ಷ ಸಹಿ ಸಂಗ್ರಹಕ್ಕೆ ಇಳಿದಿತ್ತು. ಆ ಕಾಲ ಹಾಗಿತ್ತು ಅನ್ನುವ ಮಾತು ದಯವಿಟ್ಟು ಬೇಡ. ಆ ಕಾಲದಲ್ಲೇ ಬೇಡ ಅಂದವರಿದ್ದರು.

ಬೆನ್ನಿಯ ಮನೆಯ ಆಳು ರಾಚೆಸ್ಟರ್ ಪಾತ್ರಕ್ಕೂ ಇದೇ ಪ್ರಶ್ನೆ.

ಹಳೇ ವಾಲ್ವ್

ಏಮೋಸ್ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ನಾನೂ ನಾಲ್ಕು ಎಪಿಸೋಡ್ ಕೇಳಿ ಬಿಟ್ಟೆ. ಕತೆ ಕಟ್ಟುವುದರಲ್ಲಿ ಗಟ್ಟಿಗರು. ದಿನಾ ಮುಂದುವರಿಯುವ ಹಾಸ್ಯ ಕತೆ ಅನ್ನುವುದನ್ನು ರೇಡಿಯೊಗೆ ಕಲಿಸಿದ್ದೇ ಅವರು. ಆದರೂ ಕಿವಿ ಒಪ್ಪುವುದಿಲ್ಲ.

ರಾಚೆಸ್ಟರ್ ಬೇರೆ. ಮೊದಲನೆಯದಾಗಿ ಆ ಪಾತ್ರ ಮಾಡಿದ ಎಡ್ಡೀ ಆ್ಯಂಡರ್ಸನ್ ಸ್ವತಃ ಕರಿಯರು. ರೈಲಿನ ಪೋರ್ಟರ್ ಆಗಿ ಒಂದು ವಾರಕ್ಕೆ ಅಂತ ಬಂದವರು, ಕೊನೆವರೆಗೂ ಉಳಿದರು. ಆ ಶೋನಲ್ಲಿ ಯಾರಿಗೂ ಹೆದರದ, ಯಜಮಾನನ ಬಣ್ಣ ಬಯಲು ಮಾಡುವ ಮನುಷ್ಯ ರಾಚೆಸ್ಟರ್. ಶುರುವಿನಲ್ಲಿ ಜೂಜು, ಕುಡಿತ, ಸೋಮಾರಿತನ ಅಂತ ಅದೇ ಹಳಸಲು ಜೋಕು ಇದ್ದವು, ಸುಳ್ಳು ಹೇಳಲ್ಲ. ಎರಡನೇ ಮಹಾಯುದ್ಧದ ನಂತರ ಅಂಥವನ್ನು ತೆಗೆದುಹಾಕಿ ಅಂತ ಬೆನ್ನಿಯೇ ಬರಹಗಾರರಿಗೆ ಹೇಳಿದರು. 1938ರ ಎಪಿಸೋಡನ್ನೂ 1950ರದನ್ನೂ ಒಟ್ಟಿಗೆ ಕೇಳಿ, ವ್ಯತ್ಯಾಸ ಗೊತ್ತಾಗುತ್ತೆ.

ಕಾವೇರಿ ತೀರ

ಕೇಳಿದ್ದೇನೆ, ಅದಕ್ಕೇ ಹೇಳಿದ್ದು. ಎಷ್ಟೇ ಜಾಣನಾದರೂ ಆಳು ಆಳೇ. ಯಜಮಾನನ ಕಾಲೆಳೆಯಬಹುದು, ಮನೆ ಬಿಡುವ ಹಾಗಿಲ್ಲ. ನನಗೂ ಅವರ ದನಿ ತುಂಬಾ ಇಷ್ಟ. ಇಷ್ಟಪಡುತ್ತಲೇ ಸ್ವಲ್ಪ ಮುಜುಗರ ಆಗುತ್ತೆ, ಅಷ್ಟೇ. ಆ ಮುಜುಗರವನ್ನು ಯಾರೂ ಕತ್ತರಿಸಿ ಹಾಕಬೇಡಿ.

ಧಾರವಾಡ ಪೇಡೆ

ಅಮೆರಿಕದವರನ್ನು ಬಿಡಿ. ಹಾಸ್ಯ ಅಂದರೆ ಗೂನ್ ಶೋ. ಬಿಬಿಸಿ. 1951ರ ಮೇ 28ಕ್ಕೆ ಶುರುವಾಗಿ 1960ರ ಜನವರಿವರೆಗೆ ಬಂತು. ಪೀಟರ್ ಸೆಲರ್ಸ್, ಹ್ಯಾರಿ ಸೀಕಂಬ್, ಸ್ಪೈಕ್ ಮಿಲಿಗನ್. ಬೆನ್ನಿ ಮನೆಯೊಳಗಿನ ಜೋಕ್ ಮಾಡುತ್ತಾನೆ. ಇವರು ಮನೆಯನ್ನೇ ಬಾಂಬಿಟ್ಟು ಉಡಾಯಿಸುತ್ತಾರೆ. ಬಹುಪಾಲು ಬರೆಯುತ್ತಿದ್ದಿದ್ದು ಮಿಲಿಗನ್. ಆ ಮಿಲಿಗನ್ ನಮ್ಮ ಕಡೆಯವರು ರೀ, ಪುಣೆಯಲ್ಲಿ ಹುಟ್ಟಿದವರು!

ತಿದ್ದುಪಡಿ ತಿಮ್ಮ

ಅಹಮದ್‌ನಗರ. 1918ರ ಏಪ್ರಿಲ್ 16. ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದರು. ಪುಣೆಯಲ್ಲಿ ಬೆಳೆದಿದ್ದು ನಿಜ. ಆಮೇಲೆ ರಂಗೂನ್. ಮತ್ತೆ, ಪುಣೆ ಯಾವಾಗಿಂದ ಧಾರವಾಡದ ಕಡೆ ಆಯಿತು?

ಧಾರವಾಡ ಪೇಡೆ

ಬೆಂಗಳೂರಿಗಿಂತ ಹತ್ತಿರ ಅನ್ನಿಸುತ್ತೆ. ಸುಮ್ನಿರಿ.

ನಮ್ಮಜ್ಜನ ಹತ್ತಿರ ದೊಡ್ಡ ವಾಲ್ವ್ ಸೆಟ್ ಇತ್ತು. ಶಾರ್ಟ್‌ವೇವ್‌ನಲ್ಲಿ ಬಿಬಿಸಿ ಹಿಡಿಯುತ್ತಿದ್ದರು. ಸದ್ದು ಅಲೆಯ ಹಾಗೆ ಬಂದು ಹೋಗುತ್ತಿತ್ತು. ಜೋಕಿನ ತಲೆ ಕೇಳಿಸಿದರೆ ಬಾಲ ಇಲ್ಲ. ಅಜ್ಜ ಉಳಿದಿದ್ದನ್ನು ತಾವೇ ಊಹಿಸಿ ನಗುತ್ತಿದ್ದರಂತೆ. ಗೂನ್ ಶೋನಲ್ಲಿ ಬ್ಯಾನರ್ಜಿ, ಲಾಲಕಾಕಾ ಅಂತ ಇಬ್ಬರು ಭಾರತೀಯರು ಬರುತ್ತಾರೆ, ಒಂದೇ ಸಮ ವಾದ ಮಾಡುತ್ತಾರೆ, ಕೆಲಸ ಮಾತ್ರ ಆಗಲ್ಲ. ಅಜ್ಜನಿಗೆ ಅವರೇ ಅಚ್ಚುಮೆಚ್ಚು. ನಮ್ಮ ಆಫೀಸೇ ಇದು ಅನ್ನುತ್ತಿದ್ದರಂತೆ.

ಕಾವೇರಿ ತೀರ

ಆ ಇಬ್ಬರ ದನಿ ಮಾಡುತ್ತಿದ್ದಿದ್ದು ಸೆಲರ್ಸ್ ಮತ್ತು ಮಿಲಿಗನ್. ಅಂದರೆ ಬಿಳಿಯರು ಭಾರತೀಯರ ಇಂಗ್ಲಿಷನ್ನು ಅಣಕಿಸುತ್ತಿದ್ದರು. ಮೇಲೆ ಏಮೋಸ್ ಬಗ್ಗೆ ಮಾತಾಡುವಾಗ ಎಲ್ಲರೂ ತಲೆಯಾಡಿಸಿದಿರಿ. ನಮ್ಮದೇ ಬಂದಾಗ ಅಚ್ಚುಮೆಚ್ಚಾ?

ಧಾರವಾಡ ಪೇಡೆ

ಗೂನ್ ಶೋನಲ್ಲಿ ಬುದ್ಧಿವಂತ ಅಂತ ಯಾರಿದ್ದಾರೆ ಹೇಳಿ? ಇಂಗ್ಲಿಷ್ ಮೇಜರ್ ಹೇಡಿ, ಇಂಗ್ಲಿಷ್ ಜಮೀನ್ದಾರ ಕಳ್ಳ, ಕತಾನಾಯಕ ಪೆದ್ದ. ಎಲ್ಲರಿಗೂ ಸಮಪಾಲು. ಏಮೋಸ್‌ನಲ್ಲಿ ಹಾಗಿತ್ತಾ?

ಕಾವೇರಿ ತೀರ

ಅದು ಒಳ್ಳೆಯ ಉತ್ತರ. ಪೂರ್ತಿ ಒಪ್ಪಲ್ಲ. ಆದರೂ ಒಳ್ಳೆಯ ಉತ್ತರ.

ಧಾರವಾಡ ಪೇಡೆ

ಮೌನದ ವಿಷಯ ಬಂತಲ್ಲ, ಅದರಲ್ಲೂ ಬಿಬಿಸಿ ಹಿಂದೆ ಬಿದ್ದಿಲ್ಲ. ಹ್ಯಾನ್ಕಾಕ್ಸ್ ಹಾಫ್ ಅವರ್, 1958. ಭಾನುವಾರ ಮಧ್ಯಾಹ್ನ, ಮಳೆ, ನಾಲ್ಕು ಜನ ಮನೆಯಲ್ಲಿ ಬೋರ್ ಹೊಡೆದು ಕೂತಿದ್ದಾರೆ. ಕತೆ ಅಷ್ಟೇ. ಆಕಳಿಕೆ, ನಿಟ್ಟುಸಿರು, ಗಂಟೆ ಎಷ್ಟಾಯಿತು, ಮತ್ತೆ ಆಕಳಿಕೆ. ಗಾಲ್ಟನ್ ಮತ್ತು ಸಿಂಪ್ಸನ್ ಬರೆದಿದ್ದು. ಅರ್ಧ ಗಂಟೆ ಏನೂ ನಡೆಯುವುದಿಲ್ಲ. ನಮ್ಮೂರಿನ ಭಾನುವಾರ ಮಧ್ಯಾಹ್ನ ಮೂರು ಗಂಟೆ ಗೊತ್ತಿದ್ದವರು ಬಿದ್ದು ನಗುತ್ತಾರೆ.

ಕುಡ್ಲದ ಮಾಣಿ

ರೇಡಿಯೊದಲ್ಲಿ ಮಾತಾಡುವ ಗೊಂಬೆ ಆಡಿಸುವವನೊಬ್ಬ ಇದ್ದನಂತೆ, ನಿಜವಾ? ತುಟಿ ಅಲ್ಲಾಡಿದರೆ ಯಾರಿಗೆ ಕಾಣುತ್ತೆ ಮಾರಾಯರೇ 🤔

ತಿದ್ದುಪಡಿ ತಿಮ್ಮ

ನಿಜ. ಎಡ್ಗರ್ ಬರ್ಗನ್, ಗೊಂಬೆಯ ಹೆಸರು ಚಾರ್ಲಿ ಮೆಕಾರ್ಥಿ. 1937ರಿಂದ ದೊಡ್ಡ ಶೋ. ತುಟಿ ಅಲ್ಲಾಡುತ್ತಿತ್ತು, ಗೊಂಬೆಯೇ ಅದನ್ನು ಹೇಳಿ ಗೇಲಿ ಮಾಡುತ್ತಿತ್ತು. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಮಂಗಳ ಗ್ರಹದವರ ದಾಳಿ ಅಂತ ನಾಟಕ ಹಾಕಿ ಗಲಾಟೆ ಎಬ್ಬಿಸಿದರಲ್ಲ, ಅದೇ ಹೊತ್ತಿಗೆ ಇನ್ನೊಂದು ಸ್ಟೇಷನ್ನಿನಲ್ಲಿ ಈ ಗೊಂಬೆ. ಹೆಚ್ಚು ಜನ ಕೇಳುತ್ತಿದ್ದಿದ್ದು ಗೊಂಬೆಯನ್ನೇ.

ನೇಪರ್‌ವಿಲ್ ನಾಗ

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂದೇಹ. ಒಂದು, ಕೆಲವು ಎಪಿಸೋಡ್ ಸ್ಪಷ್ಟವಾಗಿವೆ, ಕೆಲವು ಬಾಂಡ್ಲಿಯಲ್ಲಿ ಕೂತು ಮಾತಾಡಿದ ಹಾಗಿವೆ. ಎರಡು, ಕೆಲವದರಲ್ಲಿ ಜಾಹೀರಾತೇ ಇಲ್ಲ. ಯಾಕೆ?

ಜಾಹೀರಾತು ಅಂದಾಗ ನೆನಪಾಯಿತು. ನಿನ್ನೆ ಅಪ್ಪನ ಜೊತೆ ಕೇಳುತ್ತಿದ್ದೆ. ಲಕಿ ಸ್ಟ್ರೈಕ್ ಸಿಗರೇಟಿನ ಜಾಹೀರಾತು ಬಂತು. ಒಬ್ಬ ಮನುಷ್ಯ ಉಸಿರು ಬಿಡದೆ ಏನೋ ಮಂತ್ರದ ಹಾಗೆ ಬಡಬಡಿಸುತ್ತಾನೆ. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಅಪ್ಪ ಥಟ್ಟನೆ, ಹೊಗೆಸೊಪ್ಪಿನ ಹರಾಜು ಕಣೋ ಇದು ಅಂದರು! ಹುಡುಕಿ ನೋಡಿದೆ. ಹೌದು, ನಿಜವಾದ ತಂಬಾಕು ಹರಾಜುದಾರರನ್ನೇ ತಂದು ಕೂಗಿಸುತ್ತಿದ್ದರಂತೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿವೆ. ಈಗ ಅದೆಲ್ಲ ಎಲೆಕ್ಟ್ರಾನಿಕ್. ಅಪ್ಪನ ಕಾಲದಲ್ಲಿ ಬಾಯಲ್ಲೇ ಕೂಗುತ್ತಿದ್ದರು. ಇಲ್ಲಿಗೆ ಬಂದಮೇಲೆ ಅವರಿಗೆ ಪೂರ್ತಿ ಅರ್ಥವಾದ ಮೊದಲ ಅಮೆರಿಕನ್ ಮಾತು ಇದೇ ಇರಬೇಕು.

ಜಯನಗರದ ಜಯ

ಈ ಥ್ರೆಡ್ಡಿನ ನಿಜವಾದ ಹೀರೋ ನಿಮ್ಮ ಅಪ್ಪ.

ಶಬ್ದದ ಸುಬ್ಬಿ

ನಾಗ, ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ.

ಆಗ ದೊಡ್ಡ ನೆಟ್‌ವರ್ಕುಗಳು ರೆಕಾರ್ಡ್ ಮಾಡಿದ್ದನ್ನು ಪ್ರಸಾರ ಮಾಡುತ್ತಿರಲಿಲ್ಲ. ಎಲ್ಲ ನೇರ. ನ್ಯೂಯಾರ್ಕಿಗೂ ಲಾಸ್ ಏಂಜಲೀಸ್‌ಗೂ 3 ಗಂಟೆ ವ್ಯತ್ಯಾಸ. ಅದಕ್ಕೆ ಪೂರ್ವದವರಿಗೆ ಒಂದು ಸಲ, ಪಶ್ಚಿಮದವರಿಗೆ ಕೆಲವು ಗಂಟೆ ಬಿಟ್ಟು ಅದೇ ನಾಟಕ ಇನ್ನೊಂದು ಸಲ. ನಮ್ಮ ಕಂಪನಿ ನಾಟಕದವರು ಒಂದೇ ದಿನ ಎರಡು ಆಟ ಆಡುತ್ತಿದ್ದರಲ್ಲ, ಹಾಗೆ. ದಾಖಲೆಗೆ ಅಂತ 16 ಇಂಚಿನ ದೊಡ್ಡ ಡಿಸ್ಕಿನಲ್ಲಿ ಇಳಿಸಿಡುತ್ತಿದ್ದರು. ಒಂದು ಬದಿಗೆ 15 ನಿಮಿಷ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಲ್ಯಾಕರ್ ಲೇಪ. ಯುದ್ಧದಲ್ಲಿ ಅಲ್ಯೂಮಿನಿಯಂ ವಿಮಾನಕ್ಕೆ ಹೋಯಿತು, ಡಿಸ್ಕಿಗೆ ಗಾಜು ಬಂತು. ಕೈಜಾರಿದರೆ ಒಂದು ಎಪಿಸೋಡ್ ಪುಡಿ. ಉಳಿದಿರುವುದು ಇಂಥ ಡಿಸ್ಕುಗಳಿಂದ. ಸವೆದಿದ್ದರೆ ಬಾಂಡ್ಲಿ.

ಜಾಹೀರಾತು ಇಲ್ಲದ್ದು ಸೈನಿಕರ ಪ್ರತಿ. 1942ರಿಂದ ಆರ್ಮ್ಡ್ ಫೋರ್ಸಸ್ ರೇಡಿಯೊ ಸರ್ವಿಸ್ ಅಂತ ಇತ್ತು. ಶೋಗಳಿಂದ ಜಾಹೀರಾತು ತೆಗೆದು, ಡಿಸ್ಕ್ ಮಾಡಿ, ಯುದ್ಧಭೂಮಿಗೆ ಕಳಿಸುತ್ತಿದ್ದರು. ಮನೆ ನೆನಪಾಗಲಿ, ಸಾಬೂನು ನೆನಪಾಗುವುದು ಬೇಡ ಅಂತ.

ಟೇಪ್ ಬಂದಿದ್ದು ಜರ್ಮನಿಯಿಂದ. ಯುದ್ಧ ಮುಗಿದ ಮೇಲೆ ಜಾಕ್ ಮುಲಿನ್ ಅನ್ನುವ ಅಮೆರಿಕನ್ ಸೈನಿಕ ಎರಡು ಮ್ಯಾಗ್ನೆಟೋಫೋನ್ ಯಂತ್ರ ಬಿಡಿಬಿಡಿಯಾಗಿ ಮನೆಗೆ ಕಳಿಸಿಕೊಂಡ. ಗಾಯಕ ಬಿಂಗ್ ಕ್ರಾಸ್ಬಿಗೆ ವಾರ ವಾರ ನೇರ ಪ್ರಸಾರ ಬೇಜಾರಾಗಿತ್ತು. 1947ರಿಂದ ಅವರ ಶೋ ಟೇಪಿನಲ್ಲಿ ಬಂತು. ಒಂದು ಕಡೆಯ ನಗು ಕತ್ತರಿಸಿ ಇನ್ನೊಂದು ಕಡೆ ಅಂಟಿಸುವ ಅಭ್ಯಾಸವೂ ಅಲ್ಲೇ ಶುರು. ಟಿವಿಯ ಸುಳ್ಳು ನಗುವಿನ ತವರುಮನೆ ಅದೇ ನೋಡಿ.

ಹಳೇ ವಾಲ್ವ್

ಅದಕ್ಕೇ ನೇರ ಪ್ರಸಾರದ ತಪ್ಪುಗಳು ನನಗೆ ಚಿನ್ನ. 1950ರ ಒಂದು ಎಪಿಸೋಡ್. ಡಾನ್ ವಿಲ್ಸನ್ ಡ್ರೂ ಪಿಯರ್ಸನ್ ಅನ್ನುವ ಪತ್ರಕರ್ತನ ಹೆಸರು ಹೇಳಬೇಕು. ಬಾಯಿ ತಪ್ಪಿ ಡ್ರಿಯರ್ ಪೂಸನ್ ಅಂದುಬಿಟ್ಟರು. ಬೆನ್ನಿ ಅದೇ ಶೋನಲ್ಲಿ ಮುಂದೆ ಹೋಗಿ ಒಬ್ಬನನ್ನು, ನೀನು ಬಾಗಿಲು ಕಾಯುವವನಾ ಅಂತ ಕೇಳಬೇಕು. ಅಷ್ಟರಲ್ಲಿ ಬರಹಗಾರರು ಆ ಪಾತ್ರದ ನಟ ಫ್ರಾಂಕ್ ನೆಲ್ಸನ್ ಕಿವಿಯಲ್ಲಿ ಏನೋ ಊದಿದ್ದರು. ಬೆನ್ನಿಗೆ ಗೊತ್ತಿಲ್ಲ. ನೆಲ್ಸನ್ ತಣ್ಣಗೆ, ಮತ್ಯಾರು ಅಂದ್ಕೊಂಡಿದ್ದೀರಿ, ಡ್ರಿಯರ್ ಪೂಸನ್ನಾ ಅಂದರು. ಬೆನ್ನಿ ಕುಸಿದುಹೋದರು. ಎಷ್ಟೋ ಹೊತ್ತು ಮಾತೇ ಇಲ್ಲ. ಆ ಮೌನ ನಾಟಕದ್ದಲ್ಲ, ನಿಜವಾದದ್ದು.

ಮಲ್ಲಿಗೆ ಮೈಸೂರು

ಗಂಡಸರ ಹೆಸರೇ ಹೇಳುತ್ತಿದ್ದೀರಿ. ಗ್ರೇಸಿ ಆ್ಯಲನ್ ಎಲ್ಲಿ? ಜಾರ್ಜ್ ಬರ್ನ್ಸ್ ಬರೀ ಪ್ರಶ್ನೆ ಕೇಳುತ್ತಿದ್ದರು, ನಗಿಸುತ್ತಿದ್ದಿದ್ದು ಅವರ ಹೆಂಡತಿ ಗ್ರೇಸಿ. 1933ರಲ್ಲಿ ನನ್ನ ಅಣ್ಣ ಕಳೆದುಹೋಗಿದ್ದಾನೆ ಅಂತ ಹುಡುಕುತ್ತಾ ಬೇರೆಯವರ ಕಾರ್ಯಕ್ರಮದೊಳಗೆಲ್ಲ ಹೇಳದೆ ಕೇಳದೆ ನುಗ್ಗಿದರು. ನಿಜವಾದ ಅಣ್ಣ ಪಾಪ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆಕ್ಕ ಬರೆದುಕೊಂಡಿದ್ದ. ಪತ್ರಕರ್ತರ ಕಾಟಕ್ಕೆ ತಲೆಮರೆಸಿಕೊಳ್ಳಬೇಕಾಯಿತು. 1940ರಲ್ಲಿ ಸರ್‌ಪ್ರೈಸ್ ಪಾರ್ಟಿ ಅಂತ ಪಕ್ಷ ಕಟ್ಟಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೇ ನಿಂತರು. ಒಮಾಹಾದಲ್ಲಿ ಸಮಾವೇಶ ಬೇರೆ ಆಯಿತು.

ಗ್ರೇಸಿಯ ಪಾತ್ರ ಪೆದ್ದಿ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವಳ ತರ್ಕ ಅವಳ ಮಟ್ಟಿಗೆ ಸರಿಯಾಗಿಯೇ ಇರುತ್ತೆ. ಕೇಳುವವರು ಬೇರೆ ರೈಲಿನಲ್ಲಿರುತ್ತಾರೆ.

ತಿದ್ದುಪಡಿ ತಿಮ್ಮ

ಇನ್ನೊಬ್ಬ ಹಾಸ್ಯನಟ ಫ್ರೆಡ್ ಆ್ಯಲನ್ ಬಿಟ್ಟುಹೋದರೆ ಅನ್ಯಾಯ. (ಗ್ರೇಸಿಗೂ ಇವರಿಗೂ ಸಂಬಂಧವಿಲ್ಲ.) 1936ರ ಡಿಸೆಂಬರ್ 30ಕ್ಕೆ ಅವರ ಶೋನಲ್ಲಿ 10 ವರ್ಷದ ಹುಡುಗನೊಬ್ಬ ಪಿಟೀಲು ನುಡಿಸಿದ. ಇದನ್ನು ಕೇಳಿ, ಶೋನಲ್ಲಿ ಪಿಟೀಲು ಕೊಯ್ಯುವ ಜಾಕ್ ಬೆನ್ನಿ ನಾಚಿಕೊಳ್ಳಬೇಕು ಅಂದರು ಆ್ಯಲನ್. ಬೆನ್ನಿ ತನ್ನ ಶೋನಲ್ಲಿ ಉತ್ತರ ಕೊಟ್ಟರು. ವರ್ಷಗಟ್ಟಲೆ ಜಗಳ. ಒಳಗೊಳಗೆ ಇಬ್ಬರೂ ಗೆಳೆಯರು.

ಇಬ್ಬರಲ್ಲಿ ಬುದ್ಧಿವಂತ ಆ್ಯಲನ್. 1947ರ ಏಪ್ರಿಲಿನಲ್ಲಿ ಎನ್‌ಬಿಸಿಯ ಅಧಿಕಾರಿಗಳನ್ನು ಗೇಲಿ ಮಾಡಿದ್ದಕ್ಕೆ ನಡುವೆಯೇ ಅವರ ಪ್ರಸಾರ ಕಟ್ ಮಾಡಿದರು. ಅದೇ ವಾರ ಬಾಬ್ ಹೋಪ್, ರೆಡ್ ಸ್ಕೆಲ್ಟನ್ ಅನ್ನುವ ಹಾಸ್ಯನಟರು ಅದರ ಮೇಲೆ ಜೋಕ್ ಮಾಡಿದರು. ಅವರದ್ದೂ ಕಟ್! 1948ರಲ್ಲಿ ಫೋನ್ ಮಾಡಿ ಬಹುಮಾನ ಕೊಡುವ ಹಾಡಿನ ಕಾರ್ಯಕ್ರಮವೊಂದು ಇವರ ಎದುರಿಗೆ ಬಂತು. ನನ್ನ ಶೋ ಕೇಳುತ್ತಾ ಕೂತು ಯಾರಿಗಾದರೂ ಆ ಬಹುಮಾನ ತಪ್ಪಿದರೆ ನಾನು 5000 ಡಾಲರ್ ಕೊಡುತ್ತೇನೆ ಅಂತ ಆ್ಯಲನ್ ಘೋಷಿಸಿದರು. ಆದರೂ ಕೇಳುಗರು ಹೋದರು. 1949ಕ್ಕೆ ಅವರ ಶೋ ಮುಗಿಯಿತು.

ಆದರೆ ಇವತ್ತು ಆ್ಯಲನ್ ಕೇಳಿದರೆ ಅರ್ಧ ಜೋಕಿಗೆ ಟಿಪ್ಪಣಿ ಬೇಕು. ಅವತ್ತಿನ ಮೇಯರ್, ಅವತ್ತಿನ ಮಾಂಸದ ರೇಷನ್. ಪೇಪರ್ ಹಳಸಿತು, ಜೋಕೂ ಹಳಸಿತು. ಜಿಪುಣತನ ಹಳಸುವುದಿಲ್ಲ.

ಮಲ್ಲಿಗೆ ಮೈಸೂರು

ಫಿಬರ್ ಮಗೀ 1935 ಅಂದರಲ್ಲ ಸುಬ್ಬಿ, ಅದೇ ವರ್ಷ ನಮ್ಮ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಶುರು ಮಾಡಿದ್ದು. ಆಕಾಶವಾಣಿ ಅನ್ನುವ ಹೆಸರು ಬಂದಿದ್ದು ಆ ಸ್ಟೇಷನ್ನಿನಿಂದಲೇ. ಮನೋವಿಜ್ಞಾನದ ಮೇಷ್ಟ್ರು ಅವರು. ಕನ್ನಡದಲ್ಲೂ ರೇಡಿಯೊ ಹಾಸ್ಯ ಕಮ್ಮಿಯೇನಿರಲಿಲ್ಲ. ಎ. ಎಸ್. ಮೂರ್ತಿಯವರನ್ನು ಜನ ಆಕಾಶವಾಣಿ ಈರಣ್ಣ ಅಂತಲೇ ಕರೆಯುತ್ತಿದ್ದರು. ಈರಣ್ಣ ಬರುವ ಹೊತ್ತಿಗೆ ಅಮ್ಮ ಒಲೆ ಸಣ್ಣ ಮಾಡುತ್ತಿದ್ದರು. ಯಾರ ಹತ್ತಿರವಾದರೂ ಮನೆಯ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದು ಇದೆಯಾ?

ಕುಡ್ಲದ ಮಾಣಿ

ನಮ್ಮಲ್ಲಿ ಒಂದು ಇತ್ತು. ಅದರ ಮೇಲೆ ಅಕ್ಕನ ಮದುವೆಯ ನಾದಸ್ವರ ರೆಕಾರ್ಡ್ ಆಗಿದೆ. ಇನ್ನೂ ಯಾರೂ ಕ್ಷಮಿಸಿಲ್ಲ.

ಹಳೇ ವಾಲ್ವ್

ನಾಗ, ಹೊಸದಾಗಿ ಶುರು ಮಾಡುವುದಾದರೆ 1948ರ ಮಾರ್ಚ್‌ನಿಂದ ವಾರಕ್ಕೊಂದರಂತೆ ಕೇಳಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಇದೆ. ಆ ಕಳ್ಳ ಕದ್ದಿದ್ದು ಬೆನ್ನಿಯ ದುಡ್ಡಲ್ಲ. ನಟ ರೊನಾಲ್ಡ್ ಕೋಲ್ಮನ್‌ಗೆ ಹೊಸದಾಗಿ ಬಂದಿದ್ದ ಆಸ್ಕರ್. ಬೆನ್ನಿ ಪಕ್ಕದ ಮನೆಯಿಂದ ಸಕ್ಕರೆ ಇಸಕೊಂಡ ಹಾಗೆ ಅದನ್ನು ಇಸಕೊಂಡಿದ್ದ. ಮುಂದಿನ ವಾರಗಳಲ್ಲಿ ಅದನ್ನು ಹೇಗೆ ತೀರಿಸುವುದು ಅನ್ನುವುದೇ ಗೋಳು. ಡಿಸೆಂಬರಿಗೆ ಬಂದಾಗ 1946ರ ಕ್ರಿಸ್‌ಮಸ್ ಶಾಪಿಂಗ್ ಕೇಳಿ. ಒಂದು ಜೊತೆ ಶೂ ಲೇಸ್ ತಗೊಂಡು, ತುದಿಗೆ ಪ್ಲಾಸ್ಟಿಕ್ಕಾ ಲೋಹವಾ ಅಂತ ಬದಲಾಯಿಸಿ ಬದಲಾಯಿಸಿ ಅಂಗಡಿಯವನನ್ನು ಹುಚ್ಚು ಹಿಡಿಸುತ್ತಾನೆ.

ನೇಪರ್‌ವಿಲ್ ನಾಗ

ಅಪ್‌ಡೇಟ್. ಭಾನುವಾರ ಸಂಜೆ 7ಕ್ಕೆ ಅಪ್ಪ, ನಾನು, ಮಗಳು ಮೂರೂ ಜನ ಕೂತು ಮಾರ್ಚ್ 28ರದ್ದು ಕೇಳಿದೆವು. ಸ್ಪೀಡ್ 1. ಕತ್ತರಿ ಆಫ್. ಕಳ್ಳ ಕೇಳಿದ. ಬೆನ್ನಿ ಸುಮ್ಮನಾದ. ಮಗಳು, ವೈಫೈ ಹೋಯ್ತಾ ಅಂದಳು. ನಾನು ಆಗಲೇ ನಗುತ್ತಿದ್ದೆ. ಕಳ್ಳನಿಗೋ ಮಗಳಿಗೋ ಗೊತ್ತಿಲ್ಲ.

ಅಪ್ಪನಿಗೆ ಈಗ ಬೆನ್ನಿಯ ಆ ಸಿಟ್ಟಿನ ವೆಲ್! ಅನ್ನುವ ಉದ್ಗಾರ ಅಂಟಿಕೊಂಡಿದೆ. ಉಪ್ಪು ಕಮ್ಮಿಯಾದರೆ ಸ್ವಲ್ಪ ಹೊತ್ತು ಸುಮ್ಮನೆ ತಟ್ಟೆ ನೋಡಿ, ಆಮೇಲೆ ವೆಲ್! ಅನ್ನುತ್ತಾರೆ. ಮುಂದಿನ ಶನಿವಾರ ವಾಕೀಗನ್‌ಗೆ ಹೋಗಬೇಕಂತೆ. ಬೆನ್ನಿ ಬೆಳೆದ ಊರು, ನಮ್ಮಿಂದ ಒಂದು ಗಂಟೆ. ಅಲ್ಲಿ ಪ್ರತಿಮೆ ಇದೆ. ಅವರ ಹೆಸರಿನ ಶಾಲೆಯೂ ಇದೆ. ಅಲ್ಲಿನ ಮಕ್ಕಳ ತಂಡದ ಹೆಸರು ಥರ್ಟಿನೈನರ್ಸ್.

ಟೆಕ್ಕಿ ತಮ್ಮಯ್ಯ

ಥ್ರೆಡ್ ಪೂರ್ತಿ ಓದಿಲ್ಲ, ತುಂಬಾ ಉದ್ದ ಇದೆ. ಬ್ರೋ, 1.5 ಸ್ಪೀಡಲ್ಲಿ ಕೇಳಿ. ಮೌನ ಕತ್ತರಿಸುವ ಸೆಟ್ಟಿಂಗ್ ಕೂಡ ಇರುತ್ತೆ, ಆನ್ ಮಾಡಿದರೆ ಬೇಗ ಮುಗಿಯುತ್ತೆ.

ಹಳೇ ವಾಲ್ವ್

ವೆಲ್!